ಬೆನಕಪ್ಪನವರ ಪ್ರಚಾರ

ಕಡೂರು ಬಸ್ ಸ್ಟ್ಯಾಂಡಿನ ಪೇಪರ್ ಅಂಗಡಿಯ ಮುಂದೆ ನಿಂತು ಆರನೆಯ ಪುಟ ಬಿಡಿಸಿದಾಗ, ಕೆಳಗಿನ ಮೂಲೆಯಲ್ಲಿ ಬೆನಕಪ್ಪನವರ ಫೋಟೋ ಕಂಡು ಯೋಗಾನಂದನಿಗೆ ಮೊದಲು ಆದದ್ದು ಸಂತೋಷವೇ. ಆಮೇಲೆ ದಿನವಿಡೀ ಅದನ್ನು ತನಗೆ ತಾನೇ ಅಲ್ಲಗಳೆಯಲು ನೋಡಿದ, ಆಗಲಿಲ್ಲ. ತಾನು ಬರೆದು ಕಳಿಸಿದ್ದನ್ನು ಹಾಕಿಬಿಟ್ಟಿದ್ದಾರೆ, ಜಾಹೀರಾತು ಕೊಡಿ ಅಂತ ಪೀಡಿಸದೆ ಹಾಕಿಬಿಟ್ಟಿದ್ದಾರೆ ಎಂದು ಎದೆಯುಬ್ಬಿತು. ಹನ್ನೊಂದು ವಾರದಿಂದ ಆನ್‌ಲೈನ್ ಪಾಠ ಹೇಳುವ ಆ ಹುಡುಗಿ ಅನ್ವಿತಾಳ ಮುಂದೆ ಮೊಬೈಲಿನ ಚೌಕದೊಳಗೆ ತಲೆ ತಗ್ಗಿಸಿ ಕೂತದ್ದಕ್ಕೆ ಇವತ್ತಾದರೂ ಉತ್ತರ ಕೊಟ್ಟಂತಾಯಿತು ಅನಿಸಿತು. ಅಂಗಡಿಯವನಿಗೆ ತೋರಿಸಬೇಕೆಂದು ಪುಟವನ್ನು ತಿರುಗಿಸಿ ಹಿಡಿದಾಗಲೇ, ಫೋಟೋದ ನೆತ್ತಿಯ ಮೇಲೆ ಕಪ್ಪು ಪಟ್ಟಿಯೊಳಗೆ ಬಿಳಿ ಅಕ್ಷರದಲ್ಲಿ ‘ನಿಧನ’ ಎಂದು ಇರುವುದು ಕಂಡದ್ದು. ‘ಅಜ್ಜಂಪುರ: ಪಟ್ಟಣದ ಹಿರಿಯ ಕ್ಲಾರಿಯೊನೆಟ್ ವಾದಕ ಬೆನಕಪ್ಪ (74) ನಿಧನರಾದರು. ಕೆಲ ದಿನಗಳಿಂದ ಅನಾರೋಗ್ಯದಿಂದ ಬಳಲುತ್ತಿದ್ದರು.’ ಮುಂದಿನದೆಲ್ಲ ಅವನು ಬರೆದದ್ದೇ, ಒಂದಕ್ಷರ ಆಚೀಚೆ ಆಗಿರಲಿಲ್ಲ. ಅರವತ್ತೆರಡು ವರ್ಷ ಮದುವೆ ಮನೆಗಳಲ್ಲಿ ನುಡಿಸಿದ್ದು, ಹೆಣ್ಣೊಪ್ಪಿಸುವ ಹೊತ್ತಿಗೆಂದೇ ಸ್ವಂತವಾಗಿ ಒಂದು ರಾಗ ಕಟ್ಟಿದ್ದು, ಆ ರಾಗ ಈಗ ಯೂಟ್ಯೂಬಿನಲ್ಲಿ ಸಿಗುತ್ತದೆ ಎಂಬುದು, ಕೊನೆಗೆ ‘ಅವರಿಗೆ ಪತ್ನಿ, ಒಬ್ಬ ಪುತ್ರಿ ಇದ್ದಾರೆ’. ಅಂಗಡಿಯವನು ಕತ್ತು ಚಾಚಿ ನೋಡಿ, ‘ಅಯ್ಯೋ, ಬ್ಯಾಂಡ್ ಸೆಟ್ ಮೇಷ್ಟ್ರು ಹೋಗ್ಬಿಟ್ರಾ? ನಮ್ಮ ಅಕ್ಕನ ಮದ್ವೇಲಿ ಊದಿದ್ರು ಕಣ್ರೀ’ ಎಂದು ಲೊಚಗುಟ್ಟಿದ. ಯೋಗಾನಂದ ಇಲ್ಲ ಎನ್ನಬೇಕಿತ್ತು. ಎನ್ನದೆ ಪೇಪರನ್ನು ನಾಲ್ಕು ಮಡಿಕೆ ಮಾಡಿ ಕಂಕುಳಲ್ಲಿ ಸಿಕ್ಕಿಸಿಕೊಂಡು ಅಜ್ಜಂಪುರದ ಬಸ್ಸು ಹತ್ತಿದ.

ಕಿಟಕಿಯ ಪಕ್ಕ ಕೂತವನಿಗೆ ಸಿಟ್ಟು ಯಾರ ಮೇಲೆ ಎಂದು ತಿಳಿಯಲಿಲ್ಲ. ಮೊದಲು ಹೃಷಿಕೇಶನ ಮೇಲೆ ಬಂತು. ಚಿಕ್ಕಮಗಳೂರಿನ ಡೆಸ್ಕಿನಲ್ಲಿ ಕೂತು ತಾಲ್ಲೂಕುಗಳ ಸುದ್ದಿಯನ್ನೆಲ್ಲ ಒಬ್ಬನೇ ಕತ್ತರಿಸಿ ಅಂಟಿಸುವ ಹುಡುಗ ಅವನು; ನಾಲ್ಕು ಸಲ ಫೋನ್ ಮಾಡಿದರೂ ಎತ್ತುತ್ತಿಲ್ಲ, ಡೆಸ್ಕಿನವರು ಹತ್ತರ ತನಕ ಏಳುವುದಿಲ್ಲ. ಬದುಕಿರುವವನನ್ನು ಸಾಯಿಸಲಿಕ್ಕೆ ಇವನಿಗೆ ಅಧಿಕಾರ ಕೊಟ್ಟವರು ಯಾರು, ಅನಾರೋಗ್ಯದಿಂದ ಬಳಲುತ್ತಿದ್ದರು ಅಂತ ಇವನಿಗೆ ಹೇಳಿದವರು ಯಾರು ಎಂದು ಹಲ್ಲು ಕಚ್ಚಿದ. ಬೀರೂರು ಬರುವಷ್ಟರಲ್ಲಿ ಆ ಸಿಟ್ಟು ತನ್ನ ಕಡೆಗೇ ತಿರುಗಿತ್ತು. ಹದಿನಾರು ವರ್ಷ ತರೀಕೆರೆಯಲ್ಲಿ ಅದೇ ಪತ್ರಿಕೆಯ ವರದಿಗಾರನಾಗಿದ್ದವನು ತಾನು. ಅನಾರೋಗ್ಯದ ಆ ವಾಕ್ಯವನ್ನು ತಾನೂ ಯಾರನ್ನೂ ಕೇಳದೆ ನೂರಾರು ಸಲ ಸೇರಿಸಿದ್ದಾನೆ; ಸೇರಿಸದಿದ್ದರೆ ಸುದ್ದಿ ಬೋಳಾಗಿ ಕಾಣುತ್ತಿತ್ತು. ಭಜನೆಯವರು, ಡೊಳ್ಳಿನವರು, ಹಾರ್ಮೋನಿಯಂನವರು, ಇವರೆಲ್ಲ ಅವನ ಪುಟಕ್ಕೆ ಬರುತ್ತಿದ್ದದ್ದು ಒಂದೇ ಒಂದು ಸಲ, ಸತ್ತಾಗ. ಹಾಗಾಗಿ ಕಲಾವಿದನ ಬಗ್ಗೆ ಬರೆ ಎಂದರೆ ಅವನ ಕೈಗೆ ಗೊತ್ತಿದ್ದದ್ದು ಒಂದೇ ರೀತಿ: ಹೆಸರು, ಕಂಸದಲ್ಲಿ ವಯಸ್ಸು, ಎಷ್ಟು ವರ್ಷದ ಸೇವೆ, ಕೊನೆಗೆ ಪತ್ನಿ ಮಕ್ಕಳು ಇದ್ದಾರೆ ಎಂಬ ಸಾಲು. ಬದುಕಿರುವವನ ಬಗ್ಗೆ ಬರೆಯುವಾಗ ಹೆಂಡತಿ ಮಕ್ಕಳು ಇದ್ದಾರೋ ಇಲ್ಲವೋ ಎಂದು ಯಾವ ಪತ್ರಿಕೆಯವನೂ ಬರೆಯುವುದಿಲ್ಲ. ಅವನು ಅದನ್ನೂ ಬರೆದು, ಆಧಾರ್ ಕಾರ್ಡಿನಂಥ ನೆಟ್ಟನೆಯ ಫೋಟೋವನ್ನು ಕಪ್ಪುಬಿಳುಪು ಮಾಡಿ ಜೊತೆಗೆ ಕಳಿಸಿದ್ದ. ಕಪ್ಪುಬಿಳುಪು ಮಾಡಿ ಎಂದು ಅನ್ವಿತಾ ಹೇಳಿದ್ದಳು, ಅದರಲ್ಲಿ ಒಂದು ಮೂಡ್ ಬರುತ್ತದಂತೆ. ಹೃಷಿಕೇಶನ ಜಾಗದಲ್ಲಿ ತಾನಿದ್ದರೂ ಇದನ್ನೇ ಮಾಡುತ್ತಿದ್ದೆ ಎಂಬುದು ಅವನಿಗೆ ಎಲ್ಲಕ್ಕಿಂತ ಕಿರಿಕಿರಿಯಾಯಿತು.

ತಾಲ್ಲೂಕು ಆಫೀಸುಗಳನ್ನೆಲ್ಲ ಮುಚ್ಚಿ ಅವನನ್ನು ಮನೆಗೆ ಕಳಿಸಿ ಎರಡು ವರ್ಷವಾಗಿತ್ತು. ನಲವತ್ತನಾಲ್ಕನೆಯ ವಯಸ್ಸಿನಲ್ಲಿ ಸಂಗೀತದ ಪ್ರಚಾರ ಕಲಿಸುವ ಹನ್ನೆರಡು ವಾರದ ಆನ್‌ಲೈನ್ ಕೋರ್ಸಿಗೆ ಸೇರಿದಾಗ, ಹೆಂಡತಿ ನಗಲಿಲ್ಲ, ಬೈಯಲೂ ಇಲ್ಲ, ‘ಸರಿ’ ಎಂದಳು. ಆ ಸರಿಯನ್ನು ಅವನಿನ್ನೂ ಹೊಟ್ಟೆಯಲ್ಲಿಟ್ಟುಕೊಂಡು ತಿರುಗುತ್ತಿದ್ದ. ಕೋರ್ಸಿನಲ್ಲಿ ಮೂವತ್ತು ಜನ, ಎಲ್ಲ ಇಪ್ಪತ್ತರ ಆಸುಪಾಸಿನವರು. ಕಲಿಸುವ ಅನ್ವಿತಾಳಿಗೆ ಇಪ್ಪತ್ತಾರೋ ಇಪ್ಪತ್ತೇಳೋ. ಮೊದಲ ದಿನವೇ ‘ಯೋಗಾನಂದ್, ನಿಮ್ಮ ಆರ್ಟಿಸ್ಟ್ ಸ್ಟೋರಿ ಏನು?’ ಎಂದು ಕೇಳಿದಳು. ಸಾರ್ ಎನ್ನದೆ ಬರೀ ಹೆಸರು ಹಿಡಿದು ಕರೆದದ್ದು ಎಷ್ಟು ಚುಚ್ಚಿತೆಂದರೆ ಪ್ರಶ್ನೆಯೇ ಮರೆತುಹೋಗಿ, ‘ಕೇಳಿಸ್ತಿಲ್ಲ ಮೇಡಂ, ನೆಟ್‌ವರ್ಕ್ ಪ್ರಾಬ್ಲಂ’ ಎಂದುಬಿಟ್ಟಿದ್ದ. ಆದರೆ ಹುಡುಗಿ ಬುದ್ಧಿವಂತೆ, ಅದನ್ನು ಅವನು ಒಪ್ಪಲೇಬೇಕು. ಒಬ್ಬ ಕಲಾವಿದನನ್ನು ಹಿಡಿಯಿರಿ, ಅವರ ಒಂದು ಹಾಡನ್ನು ಜಗತ್ತಿನ ಮುಂದಿಡಿ, ಒಂದು ಪತ್ರಿಕೆಯಲ್ಲಾದರೂ ಬರಬೇಕು, ಕೊನೆಯ ವಾರದ ಶುಕ್ರವಾರದೊಳಗೆ ಸಾವಿರ ಜನ ಕೇಳಿರಬೇಕು, ಮೊದಲ ಮೂವರಿಗೆ ಬೆಂಗಳೂರಿನ ಮ್ಯೂಸಿಕ್ ಕಂಪನಿಯೊಂದರಲ್ಲಿ ಮನೆಯಿಂದಲೇ ಮಾಡುವ ಕೆಲಸ ಎಂದು ಹೇಳಿದಾಗ, ಅವನಿಗೆ ಬೇರೆ ಯಾರೂ ಹೊಳೆಯದೆ ಬೆನಕಪ್ಪನವರೇ ಹೊಳೆದರು. ಯಾಕೆ ಹೊಳೆದರು ಎಂಬುದನ್ನು ಅವನು ಯಾರಿಗೂ ಹೇಳಿರಲಿಲ್ಲ. ಹನ್ನೆರಡು ವರ್ಷದ ಹಿಂದೆ ಅವರು ಇಸ್ತ್ರಿ ಮಾಡಿದ ಬಿಳಿ ಶರಟು ಹಾಕಿಕೊಂಡು ತರೀಕೆರೆಯ ಆಫೀಸಿನ ಮೆಟ್ಟಿಲು ಹತ್ತಿ ಬಂದಿದ್ದರು. ಮಗಳ ಕೈಯಲ್ಲಿ ಬರೆಸಿದ ಒಂದು ಹಾಳೆ ಮುಂದಿಟ್ಟು, ‘ಐವತ್ತು ವರ್ಷ ಆಯ್ತು ಕಣಪ್ಪ ಊದಕ್ಕೆ ಹಿಡಿದು. ಹುಡುಗ್ರು ಸೇರ್ಕಂಡು ಸ್ಕೂಲಲ್ಲಿ ಒಂದು ಸನ್ಮಾನ ಮಾಡ್ತಾರಂತೆ. ಸಣ್ಣದಾಗಿ ಒಂದು ಹಾಕು’ ಎಂದಿದ್ದರು. ಅವತ್ತಿನ ಪುಟದಲ್ಲಿ ಕೊಳವೆಬಾವಿ ಉದ್ಘಾಟನೆಯ ಫೋಟೋ ಎರಡು ಕಾಲಂ ತಿಂದಿತ್ತು. ಅವನು ತಲೆಯೆತ್ತದೆ, ‘ಜಾಗ ಇಲ್ಲ ಮೇಷ್ಟ್ರೇ. ನೀವು ನುಡಿಸ್ತಾ ಇದೀರ, ಸಂತೋಷ. ಆದ್ರೆ ಅದು ಸುದ್ದಿ ಅಲ್ಲ’ ಎಂದಿದ್ದ. ಅವರು ಹಾಳೆಯನ್ನು ಮೊದಲಿದ್ದ ಮಡಿಕೆಯಲ್ಲೇ ಮಡಿಸಿ ಜೇಬಿಗಿಟ್ಟುಕೊಂಡು ಹೋದರು. ಇಷ್ಟೇ ನಡೆದದ್ದು. ಇದನ್ನು ಇಷ್ಟು ವರ್ಷ ನೆನಪಿಟ್ಟುಕೊಂಡಿರುವ ತನ್ನ ಮೇಲೂ ಅವನಿಗೆ ಬೇಸರವಿತ್ತು.

ಬೀರೂರು ದಾಟುತ್ತಿದ್ದಂತೆ ಅನ್ವಿತಾಳ ಫೋನ್ ಬಂತು. ‘ಯೋಗಾನಂದ್, ಏನ್ ಮಾಡಿದ್ರಿ ನೀವು? ನಿನ್ನೆ ಇನ್ನೂರು ಚಿಲ್ಲರೆ ಇತ್ತು, ಈಗ ನಾಲ್ಕು ಸಾವಿರದ ಹತ್ರ ಇದೆ. ಪೇಪರ್ ಕಟಿಂಗ್ ಎಲ್ಲಾ ಗ್ರೂಪಲ್ಲೂ ಓಡಾಡ್ತಿದೆ. ಐ ಆಮ್ ಸೋ ಸಾರಿ, ಅವರು ತೀರಿಕೊಂಡಿದ್ದು ನನಗೆ ಗೊತ್ತಿರಲಿಲ್ಲ.’ ಅವನು ಧ್ವನಿ ತಗ್ಗಿಸಿ, ‘ತೀರ್ಕೊಂಡಿಲ್ಲ ಮೇಡಂ’ ಎಂದ. ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿದಳು. ಅವನು ನಡೆದದ್ದನ್ನು ಹೇಳಿದ. ಬೈಯುತ್ತಾಳೆ ಎಂದುಕೊಂಡಿದ್ದ, ಬೈದಿದ್ದರೆ ಎಷ್ಟೋ ನಿರಾಳವಾಗುತ್ತಿತ್ತು. ಅವಳು ಯೋಚಿಸಿ ಯೋಚಿಸಿ, ‘ನೀವೇನೂ ಸುಳ್ಳು ಹೇಳಿಲ್ಲ ಅಲ್ವಾ. ತಪ್ಪು ಪೇಪರ್‌ನವರದ್ದು. ಶುಕ್ರವಾರ ಸಬ್ಮಿಷನ್. ಅಲ್ಲಿವರೆಗೂ ನಾವಾಗೇ ಏನೂ ಹೇಳೋದು ಬೇಡ. ಆಮೇಲೆ ಕ್ಲಾರಿಫೈ ಮಾಡೋಣ, ಅದೇ ಇನ್ನೊಂದು ಸ್ಟೋರಿ ಆಗತ್ತೆ. ನೀವೀಗ ಫಸ್ಟ್ ಪ್ಲೇಸಲ್ಲಿದೀರ’ ಎಂದಳು. ‘ಅವರ ಮನೆಯವರು?’ ಎಂದ. ‘ಅವರಿಗೆ ನಿಧಾನಕ್ಕೆ ಹೇಳಿ. ಅವರ ಮ್ಯೂಸಿಕ್‌ಗೇ ಒಳ್ಳೇದಲ್ವಾ?’ ಎಂದಳು. ಅವಳ ದನಿಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಮೂರು ದಿನ ಸುಮ್ಮನಿದ್ದರೆ ಕೆಲಸ. ಮನೆಗೆ ಹೋಗಿ ಹೆಂಡತಿಗೆ ಹೇಳಬಹುದು, ಅವಳು ಆಗಲೂ ಸರಿ ಎನ್ನಬಹುದು, ಆದರೆ ಆ ಸರಿಯ ಬಣ್ಣವೇ ಬೇರೆ. ಬಸ್ಸು ಅಜ್ಜಂಪುರ ತಲುಪುವ ತನಕ ಅವನು ಆ ಮೂರು ದಿನವನ್ನು ಮನಸ್ಸಿನಲ್ಲಿ ಹಿಂದುಮುಂದು ಮಾಡುತ್ತಲೇ ಇದ್ದ. ಎಲ್ಲಿಂದ ನೋಡಿದರೂ ಅದು ಅಷ್ಟು ದೊಡ್ಡ ಪಾಪದಂತೆ ಕಾಣಲಿಲ್ಲ.

ಬೆನಕಪ್ಪನವರ ಮನೆಯ ಮುಂದೆ ಹತ್ತು ಹನ್ನೆರಡು ಪ್ಲಾಸ್ಟಿಕ್ ಕುರ್ಚಿಗಳಿದ್ದವು. ಯಾರೋ ಶಾಮಿಯಾನದವನು ಪೇಪರ್ ನೋಡಿ ತಾನೇ ತಂದು ಹಾಕಿಹೋಗಿದ್ದನಂತೆ. ಅವರ ತಂಡದಲ್ಲಿ ಡ್ರಮ್ ಬಾರಿಸುವ ಕರಿಯಪ್ಪ ಬೆಳಿಗ್ಗೆ ಆರಕ್ಕೇ ಸೇವಂತಿಗೆ ಹಾರ ಹಿಡಿದು ಅಳುತ್ತಾ ಬಂದು, ಬಾಗಿಲು ತೆಗೆದ ಬೆನಕಪ್ಪನವರನ್ನು ಕಂಡು ಅಲ್ಲೇ ಕುಸಿದು ಕೂತಿದ್ದ. ಆ ಹಾರವನ್ನು ಏನು ಮಾಡಬೇಕೆಂದು ಯಾರಿಗೂ ತಿಳಿಯದೆ ಅದು ಅವನ ಸೈಕಲ್ಲಿನ ಹ್ಯಾಂಡಲ್ಲಿಗೆ ನೇತುಬಿದ್ದಿತ್ತು. ಬಂದವರೆಲ್ಲ ಹೋಗಿದ್ದರು. ಸತ್ತವರನ್ನು ನೋಡಲು ಬಂದವರಿಗೆ ಬದುಕಿದವರ ಮನೆಯಲ್ಲಿ ಎಷ್ಟು ಹೊತ್ತು ಕೂರಬೇಕೆಂದು ಗೊತ್ತಾಗುವುದಿಲ್ಲ. ಬೆನಕಪ್ಪನವರು ಜಗಲಿಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದರು. ಅವರ ಹೆಂಡತಿ ಹನುಮಂತಮ್ಮ ಇವನನ್ನು ಕಂಡದ್ದೇ ಒಳಗಿಂದ ಸರಸರ ಬಂದಳು. ಇವತ್ತು ಎಂದಿಗಿಂತ ದೊಡ್ಡದಾಗಿ ಕುಂಕುಮ ಇಟ್ಟುಕೊಂಡಿದ್ದಳು.

‘ಬಂದ್ಯಾ? ಬಾರಪ್ಪಾ ಬಾ. ನನ್ನ ಕುಂಕುಮ ಅಳ್ಸಕ್ಕೆ ನಿಂಗೆ ಯಾರಪ್ಪ ಹೇಳಿದ್ದು? ಬೆಳಿಗ್ಗೆ ಕಸ ಗುಡಿಸ್ತಾ ಇದೀನಿ, ಪಕ್ಕದ್ಮನೆ ಉಚ್ಚಂಗಮ್ಮ ಬಂದು ನನ್ನ ತಬ್ಕಂಡು ಅಳ್ತಾಳೆ. ಯಾರು ಸತ್ರೇ ಅಂದ್ರೆ ನಿನ್ನ ಗಂಡ ಅಂತಾಳೆ. ಒಳ್ಗೆ ಇವ್ರು ಗಡ್ಡ ಕೆರ್ಕಂತಾ ಇದಾರೆ!’

‘ಅಮ್ಮ, ನಾನು ಬರ್ದಿದ್ದು ಹಂಗಲ್ಲ. ಪೇಪರ್‌ನವ್ರು...’

‘ಪೇಪರ್‌ನವ್ರು ಬ್ಯಾರೆ, ನೀನು ಬ್ಯಾರೆನಾ? ಶಿವನಿ ಊರಿನ ಮದ್ವೆಯೋರು ಫೋನ್ ಮಾಡಿದ್ರು. ಶುಕ್ರವಾರದ ಧಾರೆಗೆ ಬ್ಯಾರೆಯೋರ್ನ ಗೊತ್ತು ಮಾಡ್ಕಂಡ್ರಂತೆ. ಇವ್ರು ಬದ್ಕಿದಾರೆ ಕಣ್ರೀ, ನೋಡಿ ಬೇಕಾರೆ ಮಾತಾಡಿ ಅಂತ ಕೊಟ್ರೆ, ಇರ್ಲಿ ಬಿಡಮ್ಮ, ಸಾವಿನ ಸುದ್ದಿ ಬಂದೋರ್ನ ಮದ್ವೆ ಮನೆಗೆ ಹೆಂಗೆ ಕರ್ಸದು ಅಂತಾರೆ. ಈ ವರ್ಷ ಇವ್ರಿಗೆ ಸಿಕ್ಕಿದ್ದು ಅದೊಂದೇ ಮದ್ವೆ ಕಣಪ್ಪ. ಎಲ್ಲಾ ಡಿಜೆ ತರಿಸ್ತಾರೆ ಈಗ. ಅದನ್ನೂ ಕಿತ್ಕಂಡೆ.’

ಯೋಗಾನಂದನಿಗೆ ಬಸ್ಸಿನಲ್ಲಿ ಚಿಕ್ಕದಾಗಿದ್ದ ಮೂರು ದಿನ ಈಗ ಈ ಹೆಂಗಸಿನ ಹಣೆಯಷ್ಟು ಹತ್ತಿರ ಬಂದು ನಿಂತಿತ್ತು. ಸಹಾಯ ಮಾಡಲು ಹೊರಟ ಕಡೆಯೆಲ್ಲ ತಾನು ಹೀಗೆ ಒಡೆದು ಹಾಕುವುದೇ ಆಯಿತಲ್ಲ ಎಂದು ರೇಗಿತು. ಕ್ಷಮಿಸಿ ಎನ್ನಲು ಬಾಯಿ ತೆರೆದರೆ, ‘ನಾಲ್ಕು ಸಾವಿರ ಜನ ಕೇಳಿದಾರೆ ಅಮ್ಮ’ ಎಂಬ ಮಾತು ಹೊರಗೆ ಬಂತು. ಅದನ್ನು ಯಾಕೆ ಹೇಳಿದೆ ಎಂದು ಅವನಿಗೇ ನಾಚಿಕೆಯಾಯಿತು. ಹನುಮಂತಮ್ಮ ಅವನನ್ನು ದಿಟ್ಟಿಸಿ ನೋಡಿ ಒಳಗೆ ಹೋದಳು. ಬೆನಕಪ್ಪನವರು ಮಾತ್ರ ಮೊದಲ ಬಾರಿಗೆ ತಲೆಯೆತ್ತಿ, ‘ನಾಲ್ಕು ಸಾವ್ರನಾ?’ ಎಂದರು. ‘ಏನಂತಾರೆ?’

ಕಣ್ಣಿನ ಪೊರೆ ತೆಗೆಸಿದ ಮೇಲೂ ಅವರಿಗೆ ಮೊಬೈಲಿನ ಸಣ್ಣ ಅಕ್ಷರ ಕಾಣುತ್ತಿರಲಿಲ್ಲ. ಯೋಗಾನಂದ ಪಕ್ಕದಲ್ಲಿ ಕೂತು ಹಾಡಿನ ಕೆಳಗೆ ಜನ ಬರೆದದ್ದನ್ನು ಓದತೊಡಗಿದ. ಓಂ ಶಾಂತಿ. ಓಂ ಶಾಂತಿ. ನನ್ನ ಮದುವೆಯಲ್ಲಿ ಇವರೇ ನುಡಿಸಿದ್ದು, ನಮ್ಮಪ್ಪ ಜೀವನದಲ್ಲಿ ಅತ್ತದ್ದು ಅವತ್ತೊಂದೇ ದಿನ. ಅಂತರಘಟ್ಟೆಯಿಂದ ಒಬ್ಬರು, ತರೀಕೆರೆಯಿಂದ ಮೂವರು, ದುಬೈಯಿಂದ ಒಬ್ಬಳು. ಬೆನಕಪ್ಪನವರು ಪ್ರತಿಯೊಂದಕ್ಕೂ ‘ಯಾರ ಮಗಳಂತೆ?’ ‘ಯಾವ ವರ್ಷದ ಮದ್ವೆ?’ ಎಂದು ಕೇಳುತ್ತಿದ್ದರು. ಅವರ ಮುಖದಲ್ಲಿ ದುಃಖವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಊಟಕ್ಕೆ ಕೂತವರಂತೆ ಒಂದೊಂದನ್ನೇ ಹಾಕಿಸಿಕೊಳ್ಳುತ್ತಿದ್ದರು. ಹಾಗೆ ಓದುತ್ತಾ ಓದುತ್ತಾ ಅವನು, ‘ಮೇಷ್ಟ್ರೇ, ನಿಮ್ಮ ಮುಂದೆ ಬಂದು ನಿಲ್ಲೋಕೆ ಹತ್ತೊಂಬತ್ತು ವರ್ಷದಿಂದ ನನಗೆ ಮುಖ ಇರಲಿಲ್ಲ. ನನ್ನ ಬೆರಳು ಹಿಡಿದು ರಂಧ್ರದ ಮೇಲೆ ಇಟ್ಟು ಕಲಿಸಿದವರು ನೀವು. ತಪ್ಪಾಯ್ತು. ಸುರೇಶ, ಬೀರೂರು’ ಎಂದು ಓದಿದ.

ಕರಿಯಪ್ಪ ಕೂತಲ್ಲಿಂದ ಎದ್ದು ಬಂದ. ಸುರೇಶ ಯಾರೆಂದು ಯೋಗಾನಂದನಿಗೂ ಗೊತ್ತಿತ್ತು. ಮಗನಂತೆ ಮನೆಯಲ್ಲಿಟ್ಟುಕೊಂಡು ಕಲಿಸಿದ ಹುಡುಗ, ಮದುವೆಯ ಸುಗ್ಗಿಯ ನಡುವೆ ಒಂದು ಮುಹೂರ್ತದ ದಿನವೇ ಕೈಕೊಟ್ಟು, ಬೀರೂರಿನಲ್ಲಿ ಸ್ವಂತ ಬ್ಯಾಂಡ್ ಸೆಟ್ ಕಟ್ಟಿ, ಬೆನಕಪ್ಪನವರ ರಾಗವನ್ನೇ ತನ್ನದೆಂದು ನುಡಿಸಿಕೊಂಡು ತಿರುಗಿದವನು. ಆಮೇಲೆ ಇಬ್ಬರೂ ಒಂದೇ ಬಸ್ಸಿನಲ್ಲಿ ಸಿಕ್ಕರೂ ಮಾತಿಲ್ಲ. ಬೆನಕಪ್ಪನವರು ತಮ್ಮ ಬಲಗೈ ಬೆರಳುಗಳನ್ನು ತೊಡೆಯ ಮೇಲೆ ಬಿಡಿಸಿಟ್ಟುಕೊಂಡು ನೋಡುತ್ತಾ, ‘ಇನ್ನೊಂದ್ಸಲ ಓದು’ ಎಂದರು. ಓದಿದ. ‘ತಪ್ಪಾಯ್ತು ಅಂತ ಬರ್ದಿದಾನಾ? ಅವ್ನೇ ಬರ್ದಿದಾನಾ?’ ಎಂದರು. ಆಮೇಲೆ ದನಿ ತಗ್ಗಿಸಿ, ಒಳಗಿನವಳಿಗೆ ಕೇಳಿಸದಂತೆ, ‘ಯೋಗಪ್ಪ, ಈ ಪೇಪರ್‌ನೋರಿಗೆ ಈಗ್ಲೇ ಏನೂ ಹೇಳ್ಬ್ಯಾಡ ಕಣೋ. ಒಂದೆರಡು ದಿನ ಹಿಂಗೇ ಇರ್ಲಿ. ಅವ್ನು ಮಣ್ಣಿಗೆ ಅಂತ ಹೊರಟಿರ್ತಾನೆ. ಬಂದು ಮುಖ ನೋಡ್ಲಿ, ಆಮೇಲೆ ಹೇಳಿವಂತೆ’ ಎಂದರು.

ಅನ್ವಿತಾಳ ಮಾತೇ. ಒಬ್ಬಳಿಗೆ ಅಂಕಿ ಬೇಕು, ಒಬ್ಬರಿಗೆ ಸುರೇಶ ಬೇಕು, ತನಗೆ ಕೆಲಸ ಬೇಕು. ಸುಮ್ಮನಿದ್ದರೆ ಮೂವರಿಗೂ ಒಳ್ಳೆಯದು. ಕಲಾವಿದರೇ ಒಪ್ಪಿದರು ಎಂದು ಶುಕ್ರವಾರ ಬರೆದುಕೊಡಬಹುದು. ಯೋಗಾನಂದನಿಗೆ ಒಂದು ಕ್ಷಣ ಎಷ್ಟು ಹಗುರವಾಯಿತೆಂದರೆ ‘ಆಯ್ತು ಮೇಷ್ಟ್ರೇ’ ಎಂದೇಬಿಟ್ಟ. ಬಾಗಿಲ ಸಂದಿಯಲ್ಲಿ ಹನುಮಂತಮ್ಮ ನಿಂತದ್ದನ್ನು ಇಬ್ಬರೂ ನೋಡಿರಲಿಲ್ಲ.

‘ಏನು ಆಯ್ತು? ಎರಡು ದಿನ ನಾನು ಸತ್ತೋರ ಹೆಂಡ್ತಿ ಆಗಿರ್ಬೇಕಾ? ಬೀದೀಲಿ ನೀರಿಗೆ ಹೋದ್ರೆ ಎಲ್ಲಾ ನನ್ನ ಹಣೆ ನೋಡ್ತಾರೆ ಕಣಪ್ಪ. ನಿಮಗೆ ಸುರೇಶ ಬೇಕಾದ್ರೆ ಬದ್ಕಿದ್ದು ಕರ್ಸ್ಕಳಿ. ಹಚ್ಚು ಫೋನು, ನನ್ನ ಮುಂದೆ ಹಚ್ಚು. ಜೋರಾಗಿ ಹಾಕು, ನಮ್ಗೂ ಕೇಳ್ಲಿ.’

ಅವಳು ಹೇಳಿದ್ದರಲ್ಲಿ ಒಂದು ಅಕ್ಷರವನ್ನೂ ತೆಗೆದು ಹಾಕಲಾಗದೆ ಅವನು ಫೋನ್ ಹಚ್ಚಿದ. ಹೃಷಿಕೇಶ ಈಗ ಎತ್ತಿದ. ನಿದ್ದೆಯ ದನಿಯಲ್ಲೇ ಎಲ್ಲ ಕೇಳಿ, ‘ಅಯ್ಯೋ ಸಾರ್, ನೀವೇ ಬರೆದಿದ್ದಲ್ವಾ, ನಿಮ್ಮ ಕಾಪಿ ನೋಡಿದ್ರೆ ಯಾರಿಗಾದ್ರೂ ಹಂಗೇ ಅನ್ಸತ್ತೆ’ ಎಂದ. ಆಮೇಲೆ ‘ತಿದ್ದುಪಡಿ ಅಂತ ಹಾಕಿದ್ರೆ ಮೇಲಿನೋರು ನನ್ನ ಕೆಲಸ ತೆಗೀತಾರೆ ಸಾರ್. ಒಂದು ಕೆಲಸ ಮಾಡಿ. ಅವರದ್ದೇನಾದ್ರೂ ಕಾರ್ಯಕ್ರಮ ಇದ್ರೆ ಕಳಿಸಿ, ಅದರಲ್ಲಿ ಸೇರಿಸಿ ಬಿಡ್ತೀನಿ. ಬರೀ ಬದುಕಿದಾರೆ ಅಂದ್ರೆ ಹೆಂಗೆ ಸಾರ್ ಹಾಕೋದು, ಅದು ಸುದ್ದಿ ಅಲ್ಲವಲ್ಲ. ಜಾಗನೂ ಇಲ್ಲ’ ಎಂದ.

ಬೆನಕಪ್ಪನವರು ನಕ್ಕರು. ವ್ಯಂಗ್ಯದ ನಗು ಅಲ್ಲ, ಹಳೆಯ ಪರಿಚಯದವರು ದಾರಿಯಲ್ಲಿ ಸಿಕ್ಕಾಗ ನಗುವಂಥದ್ದು. ‘ನೀನೂ ಇದನ್ನೇ ಹೇಳಿದ್ದೆ ಕಣಪ್ಪ ಅವತ್ತು’ ಎಂದರು. ಅವರಿಗೆ ಅದು ಮರೆತುಹೋಗಿದೆ ಎಂದುಕೊಂಡಿದ್ದ ಯೋಗಾನಂದ. ಮರೆತಿದ್ದಾರೆ ಎಂಬ ಧೈರ್ಯದ ಮೇಲೆಯೇ ಎರಡು ತಿಂಗಳ ಹಿಂದೆ ಈ ಮನೆಯ ಬಾಗಿಲು ತಟ್ಟಿದ್ದ, ಕಾಫಿ ಕುಡಿದಿದ್ದ, ಕಿಟಕಿಗೆ ಹಾಸಿಗೆ ಅಡ್ಡವಿಟ್ಟು ಅವರನ್ನು ಹನ್ನೊಂದು ಸಲ ಊದಿಸಿ ರೆಕಾರ್ಡ್ ಮಾಡಿಕೊಂಡಿದ್ದ. ಅವರು ಅಷ್ಟು ದಿನವೂ ನೆನಪಿಟ್ಟುಕೊಂಡೇ ಊದಿದ್ದರು. ಅವನು ಫೋನ್ ಕಟ್ ಮಾಡಿ, ಹಾಡಿನ ಕೆಳಗೆ ತಾನೇ ಬರೆಯತೊಡಗಿದ. ‘ಬೆನಕಪ್ಪನವರು ಬದುಕಿದ್ದಾರೆ, ಆರೋಗ್ಯವಾಗಿದ್ದಾರೆ. ಪತ್ರಿಕೆಯಲ್ಲಿ ಬಂದ ಸುದ್ದಿ ತಪ್ಪು. ಅದಕ್ಕೆ ಕಾರಣ ನಾನು ಬರೆದ ರೀತಿ. ಯೋಗಾನಂದ, ಪ್ರಚಾರ ವಿಭಾಗ.’ ಪ್ರಚಾರ ವಿಭಾಗ ಎಂಬುದನ್ನು ಅಳಿಸಿದ. ಬೆನಕಪ್ಪನವರನ್ನು ಕುರ್ಚಿಯ ಮೇಲೆ ಕೂರಿಸಿ, ಕೈಗೆ ಕ್ಲಾರಿಯೊನೆಟ್ ಕೊಟ್ಟು ಒಂದು ಫೋಟೋ ತೆಗೆದು, ಅದನ್ನೂ ಈ ಮಾತನ್ನೂ ತನಗೆ ಗೊತ್ತಿದ್ದ ಗ್ರೂಪುಗಳಿಗೆಲ್ಲ ಕಳಿಸಿದ. ಐದು ನಿಮಿಷದಲ್ಲಿ ಅನ್ವಿತಾಳ ಮೆಸೇಜ್ ಬಂತು. ‘ಯಾಕೆ?’ ಎಂದಷ್ಟೇ ಇತ್ತು. ಅವನು ಮೊಬೈಲನ್ನು ಜೇಬಿಗಿಟ್ಟುಕೊಂಡ.

ಹನುಮಂತಮ್ಮ ಕಾಫಿ ತಂದಿಟ್ಟಳು. ಲೋಟವನ್ನು ಕುಕ್ಕಿದಳು, ಆದರೆ ತಂದಳು. ಕರಿಯಪ್ಪ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸತೊಡಗಿದ. ಕಾಫಿ ಮುಗಿಸಿ ಬೆನಕಪ್ಪನವರು, ‘ಸುರೇಶಂದು ಇನ್ನೊಂದ್ಸಲ ಓದು’ ಎಂದರು. ಯೋಗಾನಂದ ಮೊಬೈಲ್ ತೆಗೆದ. ಕೆಳಗೆ ಸಾಲುಗಳು ಬದಲಾಗಿದ್ದವು. ಹಾಗಾದರೆ ಯಾಕ್ರೀ ಸುಳ್ಳು ಹಾಕಿದ್ದು. ಪಬ್ಲಿಸಿಟಿಗೋಸ್ಕರ ಏನು ಬೇಕಾದರೂ ಮಾಡುತ್ತಾರೆ. ಯಾರೋ ನಗುವ ಬೊಂಬೆಗಳನ್ನು ಹಾಕಿದ್ದರು. ಅವನು ಮೇಲಕ್ಕೆ ಸರಿಸಿದ, ಕೆಳಕ್ಕೆ ಸರಿಸಿದ, ಮುಚ್ಚಿ ಮತ್ತೆ ತೆರೆದ. ದುಬೈಯವಳದ್ದು ಇತ್ತು, ಅಂತರಘಟ್ಟೆಯವರದ್ದು ಇತ್ತು, ಅವೆರಡರ ನಡುವೆ ಸುರೇಶ ಬರೆದದ್ದು ಇರಲಿಲ್ಲ. ಮೇಷ್ಟ್ರು ಬದುಕಿದ್ದಾರೆ ಎಂದು ತಿಳಿದದ್ದೇ ತನ್ನ ತಪ್ಪಾಯ್ತನ್ನು ವಾಪಸ್ ತೆಗೆದುಕೊಂಡು ಹೋಗಿಬಿಟ್ಟಿದ್ದ.

‘ಸಿಗ್ಲಿಲ್ವಾ?’ ಎಂದರು ಬೆನಕಪ್ಪನವರು.

‘ಇದೆ ಮೇಷ್ಟ್ರೇ, ಇಲ್ಲೇ ಇದೆ’ ಎಂದ ಯೋಗಾನಂದ. ಬೆರಳನ್ನು ದುಬೈಯವಳ ಸಾಲಿನ ಮೇಲಿಟ್ಟುಕೊಂಡು, ನಿಧಾನವಾಗಿ, ಒಂದು ಅಕ್ಷರವೂ ತಪ್ಪದಂತೆ ಓದಿದ. ‘ಮೇಷ್ಟ್ರೇ, ನಿಮ್ಮ ಮುಂದೆ ಬಂದು ನಿಲ್ಲೋಕೆ ಹತ್ತೊಂಬತ್ತು ವರ್ಷದಿಂದ ನನಗೆ ಮುಖ ಇರಲಿಲ್ಲ. ನನ್ನ ಬೆರಳು ಹಿಡಿದು ರಂಧ್ರದ ಮೇಲೆ ಇಟ್ಟು ಕಲಿಸಿದವರು ನೀವು. ತಪ್ಪಾಯ್ತು. ಸುರೇಶ, ಬೀರೂರು.’ ಹನ್ನೊಂದು ವಾರದಲ್ಲಿ ಅವನು ಯಾವ ಪಾಠವನ್ನೂ ಇಷ್ಟು ಸ್ಪಷ್ಟವಾಗಿ ಒಪ್ಪಿಸಿರಲಿಲ್ಲ.

ಬೆನಕಪ್ಪನವರು ತಲೆಯಾಡಿಸಿದರು. ಆಮೇಲೆ ಅಂಗಳದ ಕಡೆ ತಿರುಗಿ, ‘ಲೇ ಕರಿಯಪ್ಪ, ಎಲ್ಲಾ ತಗೀಬ್ಯಾಡ ಕಣೋ. ಒಂದು ಕುರ್ಚಿ ಇರ್ಲಿ. ನಾನು ಬದ್ಕಿದೀನಿ ಅಂತ ಈಗ ಅವ್ನಿಗೆ ಗೊತ್ತಾಗಿರ್ತದೆ, ಹನ್ನೆರಡರ ಬಸ್ಸಿಗೆ ಬಂದೇ ಬತ್ತಾನೆ’ ಎಂದರು.

ಕರಿಯಪ್ಪ ಒಂದು ಕುರ್ಚಿಯನ್ನು ಮೇಲಿನಿಂದ ತೆಗೆದು ಜಗಲಿಯ ಎದುರಿಗಿಟ್ಟು, ಹೆಗಲ ಮೇಲಿನ ಟವೆಲ್ಲಿನಿಂದ ಒರೆಸಿದ.